ಕೈಯಿಂದ ಫೋಕಸ್ ಮಾಡುವ ದುಬಾರಿ ಲೆನ್ಸೋ, ಆಟೋಫೋಕಸ್ ಲೆನ್ಸೋ? ಕರಾವಳಿಯ ಛಾಯಾಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಣಿಪಾಲ, ಮಂಗಳೂರಿನ ಕಡೆ ಕ್ಯಾಮೆರಾ ಹಿಡಿದ ಇಬ್ಬರು ಒಂದೆಡೆ ಸೇರಿದರೆ ಲೆನ್ಸಿನ ಮಾತು ಬಂದೇ ಬರುತ್ತದೆ. ಒಂದು ಒಳ್ಳೆಯ ಲೆನ್ಸಿಗೆಂದು ಹಣ ಕೂಡಿಟ್ಟವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ಅವಕ್ಕೆ ನಾನು ಕೊಡುವ ಉತ್ತರಗಳು ಇಲ್ಲಿವೆ. ಕೈಯಿಂದ ಫೋಕಸ್ ಮಾಡುವುದು ನನಗೆ ಬಹಳ ಪ್ರಿಯವಾದ ಕೆಲಸ. ಹಾಗಿದ್ದರೂ ಕೇಳಲು ಬಂದವರಲ್ಲಿ ಹೆಚ್ಚಿನವರಿಗೆ ಮೊದಲು ಆಟೋಫೋಕಸ್ ಲೆನ್ಸನ್ನೇ ಕೊಳ್ಳಿ ಎನ್ನುತ್ತೇನೆ.

ಪ್ರೀಮಿಯಂ ಮ್ಯಾನುವಲ್ ಲೆನ್ಸುಗಳೆಂದರೆ ಯಾವುವು?

ಝೈಸ್ ಕಂಪನಿಯ ಓಟಸ್, ಮಿಲ್ವಸ್ ಮತ್ತು ಲೋಕ್ಸಿಯಾ ಸರಣಿಗಳು, ಲೈಕಾದ ಎಂ ಲೆನ್ಸುಗಳು, ಜಪಾನಿನ ಕೊಸಿನಾ ಕಂಪನಿ 1999ರಿಂದ ವೊಯ್ಟ್‌ಲ್ಯಾಂಡರ್ ಹೆಸರಿನಲ್ಲಿ ತಯಾರಿಸುತ್ತಿರುವ ಲೆನ್ಸುಗಳು, ನಿಕಾನ್ 2019ರಲ್ಲಿ ತಂದ 58 ಮಿ.ಮೀ. ಎಫ್/0.95 ನಾಕ್ಟ್. ಇವು ಮುಖ್ಯವಾದವು. (ಎಫ್ ಮುಂದಿನ ಅಂಕೆ ಚಿಕ್ಕದಾದಷ್ಟೂ ಲೆನ್ಸಿನ ಬಾಯಿ ಅಗಲ, ಒಳಬರುವ ಬೆಳಕು ಹೆಚ್ಚು, ಸ್ಪಷ್ಟವಾಗಿ ಕಾಣುವ ಆಳ ಕಡಿಮೆ. ಮಿ.ಮೀ. ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ.) ಬೆಲೆಯ ಅಂದಾಜು ಬೇಕಿದ್ದರೆ, 2013ರಲ್ಲಿ ಓಟಸ್ 55 ಮಿ.ಮೀ. ಎಫ್/1.4 ಬಂದಾಗ ಅಮೆರಿಕದಲ್ಲಿ ಅದರ ಬೆಲೆ ಸುಮಾರು 4,000 ಡಾಲರ್ ಇತ್ತು. ನಾಕ್ಟ್‌ಗೆ ಅದರ ಎರಡು ಪಟ್ಟು, ತೂಕವೂ ಎರಡು ಕಿಲೋ. ಇವುಗಳ ಪಕ್ಕದಲ್ಲಿಟ್ಟು ನೋಡಿದರೆ ವೊಯ್ಟ್‌ಲ್ಯಾಂಡರ್ ಕೈಗೆಟುಕುವ ಬೆಲೆಯದು. ನಮ್ಮ ಕಡೆ ಮ್ಯಾನುವಲ್ ಲೆನ್ಸಿನ ಆಸೆ ಇರುವವರು ಮೊದಲು ನೋಡಬೇಕಾದದ್ದು ಅದನ್ನೇ.

ಇಷ್ಟು ಹಣ ಕೊಟ್ಟರೂ ಅವುಗಳಲ್ಲಿ ಆಟೋಫೋಕಸ್ ಯಾಕೆ ಇಲ್ಲ?

ಆಟೋಫೋಕಸ್ ವೇಗವಾಗಿ ಆಗಬೇಕಾದರೆ ಮೋಟರು ಸರಿಸುವ ಗಾಜು ಹಗುರವಾಗಿರಬೇಕು. ಹಾಗಾಗಿ ಒಳಗಿನ ಒಂದೆರಡು ಸಣ್ಣ ಗಾಜುಗಳಷ್ಟೇ ಚಲಿಸುವಂತೆ ಇಡೀ ಲೆನ್ಸನ್ನು ರೂಪಿಸಬೇಕಾಗುತ್ತದೆ. ಕೈಯಿಂದ ತಿರುಗಿಸುವ ಲೆನ್ಸಿಗೆ ಈ ಕಟ್ಟುಪಾಡು ಇಲ್ಲ. ದಪ್ಪ ದಪ್ಪ ಗಾಜುಗಳನ್ನು ಲೋಹದ ತಿರುಪಿನ ಎಳೆಗಳ ಮೇಲೆ ಕೂರಿಸಿ ಒಟ್ಟಿಗೇ ಮುಂದೆ ಹಿಂದೆ ಸರಿಸಬಹುದು. ಓಟಸ್ 55ರಲ್ಲಿ 12 ಗಾಜುಗಳಿವೆ. ಅದರ ಫೋಕಸ್ ರಿಂಗು ಸುಮಾರು 248 ಡಿಗ್ರಿ ತಿರುಗುತ್ತದೆ. ಅಷ್ಟು ಉದ್ದದ ತಿರುವು ಇರುವುದರಿಂದಲೇ ಕಣ್ಣಿನ ರೆಪ್ಪೆಗೂ ಹುಬ್ಬಿಗೂ ನಡುವಿನ ವ್ಯತ್ಯಾಸವನ್ನು ಬೆರಳಿನಲ್ಲಿ ಹಿಡಿಯಲು ಸಾಧ್ಯ.

ಲೈಕಾದ ಕಾರಣವೇ ಬೇರೆ. 1954ರಲ್ಲಿ ಎಂ3 ಕ್ಯಾಮೆರಾದೊಂದಿಗೆ ಬಂದ ರೇಂಜ್‌ಫೈಂಡರ್ ವ್ಯವಸ್ಥೆ, ಎಂದರೆ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಹಿಡಿಯುವ ಕ್ರಮ, ಪೂರ್ತಿ ಯಾಂತ್ರಿಕವಾದದ್ದು. ಆಗಿನ ಲೆನ್ಸು ಇಂದಿನ ಎಂ ಕ್ಯಾಮೆರಾಕ್ಕೂ ಕೂರುತ್ತದೆ. ಆ ಸಂಬಂಧವನ್ನು ಕಡಿದುಕೊಳ್ಳದೆ ಅಲ್ಲಿಗೆ ಆಟೋಫೋಕಸ್ ತರುವುದು ಸುಲಭವಲ್ಲ. ಬೇರೆ ಕೆಲವು ಕಂಪನಿಗಳು ಆ ದಾರಿಯನ್ನು ಎಂದೋ ಬಿಟ್ಟವು. 1985ರಲ್ಲಿ ಮಿನೋಲ್ಟಾ 7000 ಬಂದು ಆಟೋಫೋಕಸ್ ಎಸ್‌ಎಲ್‌ಆರ್‌ (ಒಳಗಿನ ಕನ್ನಡಿಯ ಮೂಲಕ ಲೆನ್ಸಿನ ನೋಟವನ್ನೇ ತೋರಿಸುವ ಕ್ಯಾಮೆರಾ) ಯುಗ ಶುರುವಾದ ಮೇಲೆ, 1987ರಲ್ಲಿ ಕ್ಯಾನನ್ ತನ್ನ ಹಳೆಯ ಎಫ್‌ಡಿ ಮೌಂಟನ್ನೇ (ಲೆನ್ಸು ಕ್ಯಾಮೆರಾಕ್ಕೆ ಕೂರುವ ಜೋಡಣೆ) ಕೈಬಿಟ್ಟು ಇಎಫ್ ಮೌಂಟಿಗೆ ಬಂತು.

ಚಿತ್ರದ ಗುಣಮಟ್ಟ ನಿಜವಾಗಿಯೂ ಮೇಲಿನದೇ?

2013ರಲ್ಲಿ ಈ ಪ್ರಶ್ನೆ ಕೇಳಿದ್ದರೆ ಹೌದು ಎನ್ನಬಹುದಿತ್ತು. ಎಫ್/1.4ರಲ್ಲಿ ಓಟಸ್ 55ರಷ್ಟು ಸ್ಪಷ್ಟವಾದ, ಬಣ್ಣದ ಅಂಚು ಅಷ್ಟು ಕಡಿಮೆ ಇರುವ ಲೆನ್ಸು ಆಗ ಮಾಮೂಲು ಎಸ್‌ಎಲ್‌ಆರ್‌ಗೆ ಬೇರೆ ಇರಲಿಲ್ಲವೆಂದೇ ಹೇಳಬೇಕು. ಇಂದು ಆ ಅಂತರ ಬಹುಮಟ್ಟಿಗೆ ಅಳಿಸಿಹೋಗಿದೆ. 2020ರ ಸಿಗ್ಮಾ 85 ಮಿ.ಮೀ. ಎಫ್/1.4 ಡಿಜಿ ಡಿಎನ್, 2023ರ ಸೋನಿ 50 ಮಿ.ಮೀ. ಎಫ್/1.4 ಜಿಎಂ, ನಿಕಾನ್ ಝಡ್ 50 ಮಿ.ಮೀ. ಎಫ್/1.8 ಎಸ್, ಇವುಗಳಲ್ಲಿ ತೆಗೆದ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಿದರೆ ಯಾವ ಲೆನ್ಸಿನದೆಂದು ಗುರುತಿಸುವುದು ಕಷ್ಟ. ಸಿಗ್ಮಾದ ಆ 85 ತೂಗುವುದು ಸುಮಾರು 630 ಗ್ರಾಂ. 2014ರ ಓಟಸ್ 85 ಒಂದು ಕಿಲೋ ದಾಟುತ್ತದೆ.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ, ಆದರೆ ಅಂಚಿನಲ್ಲಿ. ಸೇಂಟ್ ಮೇರೀಸ್ ದ್ವೀಪದ ಕಪ್ಪು ಕಲ್ಲುಕಂಬಗಳ ಹಿಂದೆ ಮಧ್ಯಾಹ್ನದ ಸಮುದ್ರ ಬೆಳ್ಳಗೆ ಹೊಳೆಯುತ್ತಿರುವಾಗ ಸಾಧಾರಣ ಲೆನ್ಸಿನಲ್ಲಿ ಕಲ್ಲಿನ ಅಂಚಿಗೆ ನೇರಳೆ, ಫೋಕಸ್ಸಿನ ಹಿಂದಿನ ಅಲೆಗಳಿಗೆ ಹಸಿರು ಬಣ್ಣ ಅಂಟಿಕೊಳ್ಳುತ್ತದೆ. 2019ರ ವೊಯ್ಟ್‌ಲ್ಯಾಂಡರ್ 50 ಮಿ.ಮೀ. ಎಫ್/2 ಎಪೋ-ಲಾಂಥರ್‌ನಂಥ ಲೆನ್ಸಿನಲ್ಲಿ ಅದು ಹುಡುಕಿದರೂ ಕಾಣಸಿಗುವುದು ಅಪರೂಪ. ಇಂಥ ಚಿತ್ರಗಳೇ ನಿಮ್ಮ ಮುಖ್ಯ ಕೆಲಸವಾದರೆ ಆ ಹಣಕ್ಕೆ ಅರ್ಥವಿದೆ. ಗುಣಮಟ್ಟದ ಒಂದೇ ಕಾರಣಕ್ಕೆ ಮ್ಯಾನುವಲ್ ಲೆನ್ಸು ಕೊಳ್ಳುವ ಕಾಲ ಮುಗಿದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಳ್ಳುವುದಾದರೆ ಆ ರಿಂಗಿಗಾಗಿ, ಅದು ಕಲಿಸುವ ನಿಧಾನಕ್ಕಾಗಿ ಕೊಳ್ಳಬೇಕು.

ನಾನು ತೆಗೆಯುವುದು ಹೆಚ್ಚಾಗಿ ಯಕ್ಷಗಾನ. ಯಾವುದು ಸರಿ?

ನೀವು ಎಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ರಂಗಸ್ಥಳದ ಮುಂದೆ ಒಂದು, ವೇಷ ಕಟ್ಟುವ ಚೌಕಿಯಲ್ಲಿ ಇನ್ನೊಂದು.

ರಂಗಸ್ಥಳದ ಲೆಕ್ಕ ನೋಡಿ. 85 ಮಿ.ಮೀ. ಲೆನ್ಸಿನಲ್ಲಿ ಎಫ್/1.4 ಇಟ್ಟು ಎರಡು ಮೀಟರ್ ದೂರದ ಮುಖಕ್ಕೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಕಾಣುವ ಆಳ ಫುಲ್‌ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟೇ ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಸುಮಾರು ನಾಲ್ಕೂವರೆ ಸೆಂಟಿಮೀಟರ್. ಇದು ಹಳೆಯ ಫಿಲ್ಮ್ ಕಾಲದ ಅಳತೆಗೋಲಿನಲ್ಲಿ. ಇಂದಿನ 45 ಮೆಗಾಪಿಕ್ಸೆಲ್ ಚಿತ್ರವನ್ನು ಹತ್ತಿರದಿಂದ ನೋಡುವವರಿಗೆ ಇನ್ನೂ ಕಡಿಮೆ. ಪುಂಡುವೇಷದವರು (ಚುರುಕಿನ ತರುಣ ಪಾತ್ರದವರು) ಸುತ್ತಿ ಹಾರುತ್ತ ದಿಗಿಣ ಹೊಡೆಯುವುದು ಹಾಗಿರಲಿ, ಸುಮ್ಮನೆ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ನಿಮ್ಮತ್ತ ಬಂದರೂ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಹತ್ತು ಸೆಂಟಿಮೀಟರ್ ದಾಟಿರುತ್ತಾರೆ. ರಿಂಗು ತಿರುಗಿಸಿ, ನೋಡಿ, ಗುಂಡಿ ಒತ್ತುವಷ್ಟರಲ್ಲಿ ಕಣ್ಣು ಫೋಕಸ್ಸಿನಿಂದ ಆಚೆ ಹೋಗಿರುತ್ತದೆ. ನೀವು ಎಷ್ಟೇ ಪಳಗಿದವರಾದರೂ ಈ ಲೆಕ್ಕ ಬದಲಾಗುವುದಿಲ್ಲ. ದೂರ ಕುಳಿತು ತೆಗೆದರೆ ಆಳ ಹೆಚ್ಚುತ್ತದೆ, ನಿಜ. ಆದರೆ ಹತ್ತಿರ ಹೋಗಿ ಭಾವ ಹಿಡಿಯಬೇಕೆಂದೇ ಅಲ್ಲವೇ ಆ ಲೆನ್ಸು ಕೊಂಡದ್ದು?

ಆಟೋಫೋಕಸ್ಸಿಗೂ ಅಲ್ಲಿ ಎಲ್ಲವೂ ಸಲೀಸಲ್ಲ. ಸ್ತ್ರೀವೇಷ, ಪುಂಡುವೇಷಗಳ ಕಣ್ಣನ್ನು ಇಂದಿನ ಕ್ಯಾಮೆರಾಗಳು ಥಟ್ಟನೆ ಗುರುತಿಸುತ್ತವೆ. ರಾಕ್ಷಸ ಪಾತ್ರದ ಬಣ್ಣದ ವೇಷ ಬಂದಾಗ ಮುಖದ ತುಂಬ ಚಿಟ್ಟಿ (ಹಿಟ್ಟಿನ ಚುಕ್ಕೆ), ಕೆಂಪು ಕಪ್ಪು ಗೆರೆಗಳಿರುವುದರಿಂದ ಅದು ಮುಖವೆಂದೇ ಕ್ಯಾಮೆರಾಕ್ಕೆ ತಿಳಿಯದೆ ಹೋಗಬಹುದು. ಆಗ ಮುಖ ಗುರುತಿಸುವ ಸೌಲಭ್ಯ ನಿಲ್ಲಿಸಿ, ಒಂದೇ ಸಣ್ಣ ಫೋಕಸ್ ಬಿಂದುವನ್ನು ಮೂಗಿನ ಬುಡಕ್ಕೆ ಇಟ್ಟು ಹಿಂಬಾಲಿಸಿ.

ಚೌಕಿಯ ಕಥೆಯೇ ಬೇರೆ. ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ ಕಲಾವಿದರು ಎಡಗೈಯಲ್ಲಿ ಪುಟ್ಟ ಕನ್ನಡಿ ಹಿಡಿದು, ಬಲಗೈಯ ಕಡ್ಡಿಯಿಂದ ಅಕ್ಕಿಹಿಟ್ಟಿನ ಚಿಟ್ಟಿಯನ್ನು ಕೆನ್ನೆಯ ಮೇಲೆ ಒಂದೊಂದಾಗಿ ಇಡುತ್ತಾರೆ. ಆ ಹೊತ್ತು ಅವರು ಉಸಿರನ್ನೂ ಬಿಗಿಹಿಡಿದಿರುತ್ತಾರೆ. ಹಿಟ್ಟು ಇನ್ನೂ ಒದ್ದೆ ಇರುವ ಕಡೆ ದೀಪದ ಬೆಳಕು ಮಿನುಗುತ್ತದೆ, ಒಣಗಿದ ಕಡೆ ಮಂಕಾಗಿರುತ್ತದೆ. ಫೋಕಸ್ ಕಡ್ಡಿಯ ತುದಿಯಲ್ಲಿರಬೇಕೋ, ಕನ್ನಡಿಯೊಳಗಿನ ಕಣ್ಣಿನಲ್ಲಿರಬೇಕೋ, ಕೆನ್ನೆಯ ಒದ್ದೆ ಹಿಟ್ಟಿನಲ್ಲಿರಬೇಕೋ ಎಂದು ಕ್ಯಾಮೆರಾಕ್ಕೆ ಹೇಳಿಕೊಡುವುದಕ್ಕಿಂತ ಬೆರಳಿನಿಂದ ತಿರುಗಿಸಿ ನಿಲ್ಲಿಸುವುದೇ ಬೇಗ. ಕನ್ನಡಿಯೊಳಗಿನ ಬಿಂಬಕ್ಕೂ ಕನ್ನಡಿಯ ಚೌಕಟ್ಟಿಗೂ ಫೋಕಸ್ ಬೇರೆ ಬೇರೆ. ಅಲ್ಲಿ ಆಟೋಫೋಕಸ್ ಸಾಮಾನ್ಯವಾಗಿ ಚೌಕಟ್ಟನ್ನೇ ಕಚ್ಚಿಕೊಳ್ಳುತ್ತದೆ. ಒಳ್ಳೆಯ ಮ್ಯಾನುವಲ್ ಲೆನ್ಸಿಗೆ ಚೌಕಿಗಿಂತ ಹೇಳಿ ಮಾಡಿಸಿದ ಜಾಗ ನಮ್ಮ ಜಿಲ್ಲೆಗಳಲ್ಲಿ ಇನ್ನೊಂದಿಲ್ಲ. ಕಲಾವಿದರ ಒಪ್ಪಿಗೆ ಕೇಳಿಯೇ ಒಳಗೆ ಹೋಗಿ. ಭೂತಕೋಲದಲ್ಲಂತೂ ಮನೆಯವರು, ಗುತ್ತಿನವರು ಬೇಡವೆಂದರೆ ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲೇ ಬಾರದು.

ಕಂಬಳಕ್ಕೆ ಮ್ಯಾನುವಲ್ ಸಾಧ್ಯವೇ?

2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರ್ ಕರೆಯನ್ನು (ಓಟದ ಗದ್ದೆ) 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಸೆಕೆಂಡಿಗೆ ಹತ್ತು ಮೀಟರಿಗೂ ಹೆಚ್ಚು. 200 ಮಿ.ಮೀ. ಲೆನ್ಸಿನಲ್ಲಿ ಎಫ್/4 ಇಟ್ಟು 20 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಸಿಗುವ ಆಳ ಎರಡೂವರೆ ಮೀಟರ್ ಒಳಗೆ. ಎದುರಿನಿಂದ ಬರುವ ಜೋಡಿ ಅದನ್ನು ಕಾಲು ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಎದುರು ನಿಂತು ತೆಗೆಯುವುದಾದರೆ ಆಟೋಫೋಕಸ್ ಬಿಟ್ಟು ಬೇರೆ ಮಾತಿಲ್ಲ.

ಕೋಣಗಳು ಎಳೆಯುವ ಹಲಗೆಯಿಂದ ನೀರನ್ನು ಎತ್ತರಕ್ಕೆ ಚಿಮ್ಮಿಸುವ ಕನೆಹಲಗೆಗೆ ಮಾತ್ರ ಇದು ಅನ್ವಯಿಸದು. ಅಲ್ಲಿ ನೀರು ಎಲ್ಲಿಗೆ ಚಿಮ್ಮಬೇಕೆಂಬುದು ಮೊದಲೇ ಗೊತ್ತಿದೆ, ಮೇಲೆ ನಿಶಾನೆ ಕಟ್ಟಿರುತ್ತದೆ. ಕರೆಯ ಬದಿಯಲ್ಲಿ ನಿಂತು, ನಿಶಾನೆಯ ನೇರ ಕೆಳಗಿನ ಜಾಗಕ್ಕೆ ಫೋಕಸ್ ಕಟ್ಟಿ, ಎಫ್/5.6 ಅಥವಾ ಎಫ್/8 ಇಟ್ಟು, ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲಿನ ಶಟರ್‌ನೊಂದಿಗೆ ಕಾಯಬೇಕು. ಹಾರಿ ಬರುವ ನೀರಿನ ಹನಿಗಳನ್ನು ನೋಡಿ ಆಟೋಫೋಕಸ್ ಗಲಿಬಿಲಿಗೊಳ್ಳುವ ಪ್ರಮೇಯವೇ ಇಲ್ಲ. ನನ್ನ ಕಣ್ಣಿಗೆ ಕನೆಹಲಗೆಯ ಒಳ್ಳೆಯ ಚಿತ್ರಗಳೆಲ್ಲ ಹೀಗೆ ಮೊದಲೇ ಕಟ್ಟಿಟ್ಟ ಫೋಕಸ್ಸಿನವು.

ಮದುವೆ ಕೆಲಸಕ್ಕೆ?

ಬೇಡ. ಧಾರೆಯ ನೀರು ಕೈಯಿಂದ ಜಾರುವ ಕ್ಷಣ, ಕ್ರೈಸ್ತ ಮನೆಗಳಲ್ಲಿ ರೋಸ್ ಎಂಬ ಶಾಸ್ತ್ರದ ದಿನ ಮದುಮಗಳ ತಲೆಯ ಮೇಲೆ ತೆಂಗಿನ ಹಾಲು ಇಳಿಯುವ ಕ್ಷಣ, ಇವು ಎರಡನೇ ಸಲ ಬರುವುದಿಲ್ಲ. ಹಣ ಕೊಟ್ಟವರಿಗೆ ಲೆನ್ಸಿನ ಹೆಸರು ಬೇಡ, ಮಗಳ ಮುಖ ಬೇಕು. ಬಾಳೆನಾರಿನಲ್ಲಿ ಕಟ್ಟಿದ ಶಂಕರಪುರ ಮಲ್ಲಿಗೆ, ಕರಿಮಣಿ, ಸೀರೆಯ ಅಂಚು ಇಂಥವನ್ನು ತೆಗೆಯಲು ಚೀಲದಲ್ಲಿ ಒಂದು ಮ್ಯಾನುವಲ್ ಲೆನ್ಸು ಇರಲಿ, ಅದು ಬೇರೆ ಮಾತು.

ರಥಬೀದಿ, ಬಂದರು, ಮಾರುಕಟ್ಟೆಯಂಥ ಕಡೆ?

ಇಲ್ಲಿ ಮ್ಯಾನುವಲ್ ಲೆನ್ಸು ಆಟೋಫೋಕಸ್ಸಿಗಿಂತ ವೇಗವಾಗಿ ಕೆಲಸ ಮಾಡುತ್ತದೆ. 21 ಮಿ.ಮೀ. ಲೆನ್ಸನ್ನು ಎಫ್/8ರಲ್ಲಿಟ್ಟು ಫೋಕಸ್ಸನ್ನು ಎರಡು ಮೀಟರಿಗೆ ಸ್ವಲ್ಪ ಕಡಿಮೆ ನಿಲ್ಲಿಸಿದರೆ ಸುಮಾರು ಒಂದು ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಮತ್ತೆ ರಿಂಗು ಮುಟ್ಟಬೇಕಿಲ್ಲ, ಗುಂಡಿ ಒತ್ತಿದರೆ ಸಾಕು. ಇದಕ್ಕೆ ಲೆನ್ಸಿನ ಮೇಲೆ ಕೆತ್ತಿದ ದೂರದ ಅಂಕೆಗಳು ಬೇಕು. ಇಂದಿನ ಹೆಚ್ಚಿನ ಆಟೋಫೋಕಸ್ ಲೆನ್ಸುಗಳಲ್ಲಿ ಅವು ಇಲ್ಲ. ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯದ ಮೆರವಣಿಗೆ ನಸುಕಿನಲ್ಲಿ ಹೊರಡುವಾಗಲೋ, ಅಷ್ಟಮಿಯ ಹುಲಿವೇಷದ ಗುಂಪು ಮೈಮೇಲೆ ಬರುವಂತೆ ಕುಣಿಯುವಾಗಲೋ ಈ ಕ್ರಮವನ್ನು ಪ್ರಯತ್ನಿಸಿ. ನಸುಕಿನಲ್ಲಿ ಎಫ್/8 ಇಡಲು ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಬಹಳ ಏರಿಸಬೇಕಾಗುತ್ತದೆ. ಹಗಲಿನಲ್ಲಿ ಆ ತೊಂದರೆಯಿಲ್ಲ.

ವಿಶಾಲಕೋನದ ಲೈಕಾ ಎಂ ಲೆನ್ಸನ್ನು ಅಡಾಪ್ಟರ್ ಹಾಕಿ ಬೇರೆ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾದಲ್ಲಿ ಬಳಸುವ ಯೋಚನೆಯಿದ್ದರೆ ಮೊದಲು ಪರೀಕ್ಷಿಸಿ. ಸೆನ್ಸರಿನ ಮುಂದಿನ ಗಾಜು ಅಲ್ಲಿ ದಪ್ಪವಾಗಿರುವುದರಿಂದ ಚಿತ್ರದ ಮೂಲೆಗಳು ಕಲಸಿದಂತೆ ಕಾಣಬಹುದು.

ಕ್ಯಾಮೆರಾದಲ್ಲಿ ಫೋಕಸ್ ಪೀಕಿಂಗ್ ಇದೆಯಲ್ಲ, ಸಾಲದೇ?

ಸಾಲದು. ಫೋಕಸ್ ಆದ ಕಡೆಗೆ ಪರದೆಯಲ್ಲಿ ಬಣ್ಣ ಹಚ್ಚುತ್ತೇನೆನ್ನುವ ಪೀಕಿಂಗ್ ತೋರಿಸುವುದು ಫೋಕಸ್ಸನ್ನಲ್ಲ, ಬೆಳಕು ನೆರಳಿನ ಚೂಪಾದ ಅಂಚುಗಳನ್ನು. ಯಕ್ಷಗಾನದ ಕಿರೀಟದ ಹೊಳೆಯುವ ಚೂರುಗಳೆಲ್ಲ ಕೆಂಪಾಗಿ ಮಿನುಗುತ್ತವೆ, ಅದರ ಕೆಳಗಿನ ಕಣ್ಣು ಮಸುಕಾಗಿಯೇ ಇರುತ್ತದೆ. ಎಫ್/4ರ ಆಚೆಗೆ ಅದು ಪರವಾಗಿಲ್ಲ. ಎಫ್/1.4, ಎಫ್/2ರಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿಯೇ ಫೋಕಸ್ ಮಾಡಬೇಕು. ಸೋನಿ ಕ್ಯಾಮೆರಾಗಳಲ್ಲಿ ಲೋಕ್ಸಿಯಾ, ಇ ಮೌಂಟಿನ ವೊಯ್ಟ್‌ಲ್ಯಾಂಡರ್‌ನಂಥ ವಿದ್ಯುತ್ ಸಂಪರ್ಕವಿರುವ ಲೆನ್ಸುಗಳ ರಿಂಗು ತಿರುಗಿಸಿದೊಡನೆ ಚಿತ್ರ ತಾನಾಗಿ ಹಿಗ್ಗುತ್ತದೆ. ಸಂಪರ್ಕವಿಲ್ಲದ ಲೆನ್ಸಾದರೆ ಒಂದು ಗುಂಡಿಗೆ ಆ ಕೆಲಸ ಒಪ್ಪಿಸಿ. ಅದರ ಫೋಕಲ್ ಲೆಂತನ್ನೂ (ಮಿ.ಮೀ. ಅಂಕೆ) ಮೆನುವಿನಲ್ಲಿ ನೀವೇ ತುಂಬಬೇಕು, ಇಲ್ಲದಿದ್ದರೆ ಕೈನಡುಕ ತಡೆಯುವ ವ್ಯವಸ್ಥೆ ತಪ್ಪು ಲೆಕ್ಕದಲ್ಲಿ ಓಡುತ್ತದೆ.

ಹಳೆಯ ಡಿಎಸ್‌ಎಲ್‌ಆರ್ ಬಳಸುವವರಿಗೆ ಇನ್ನೊಂದು ಮಾತು. ಅದರ ವ್ಯೂಫೈಂಡರಿನ ಪರದೆ ಎಫ್/1.4ರ ನಿಜವಾದ ಆಳವನ್ನು ತೋರಿಸುವುದಿಲ್ಲ. ಎಲ್ಲ ಸರಿಯಿದ್ದಂತೆ ಕಂಡು, ಮನೆಗೆ ಬಂದು ನೋಡಿದರೆ ಫೋಕಸ್ ಕಿವಿಯ ಮೇಲಿರುತ್ತದೆ. ಆ ಕ್ಯಾಮೆರಾಗಳಿಗೆ ದುಬಾರಿ ಮ್ಯಾನುವಲ್ ಲೆನ್ಸು ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಆಟೋಫೋಕಸ್ ಲೆನ್ಸನ್ನೇ ಮ್ಯಾನುವಲ್‌ಗೆ ಹಾಕಿಕೊಂಡರೆ ಎರಡೂ ಆಯಿತಲ್ಲ?

ಆಗುತ್ತದೆ, ಅರ್ಧದಷ್ಟು. ಮಿರರ್‌ಲೆಸ್ ಕಾಲದ ಹೆಚ್ಚಿನ ಲೆನ್ಸುಗಳಲ್ಲಿ ರಿಂಗಿಗೂ ಗಾಜಿಗೂ ನೇರ ಸಂಬಂಧವಿಲ್ಲ. ನೀವು ತಿರುಗಿಸಿದ್ದನ್ನು ಕ್ಯಾಮೆರಾ ಓದಿ ಮೋಟರಿಗೆ ಹೇಳುತ್ತದೆ. ಎಷ್ಟು ತಿರುಗಿಸಿದರೆ ಎಷ್ಟು ಸರಿಯುತ್ತದೆ ಎಂಬುದು ಕೆಲವು ಲೆನ್ಸುಗಳಲ್ಲಿ ತಿರುಗಿಸುವ ವೇಗದ ಮೇಲೆ ಬದಲಾಗುತ್ತದೆ, ಹಾಗಾಗಿ ಬೆರಳಿಗೆ ಜಾಗದ ನೆನಪು ಕೂರುವುದಿಲ್ಲ. ಈಗ ಹಲವು ಕ್ಯಾಮೆರಾಗಳ ಮೆನುವಿನಲ್ಲಿ ಇದನ್ನು ಸಮಪ್ರಮಾಣಕ್ಕೆ ಬದಲಾಯಿಸುವ ಆಯ್ಕೆ ಇದೆ. ಮ್ಯಾನುವಲ್ ಲೆನ್ಸಿಗೆ ಹಣ ಹಾಕುವ ಮೊದಲು ಇರುವ ಲೆನ್ಸಿನಲ್ಲೇ ಅದನ್ನು ಆನ್ ಮಾಡಿ ಒಂದು ಮಳೆಗಾಲ ಕಳೆಯಿರಿ. ಅದು ಹಿಡಿಸಿದರೆ ಮುಂದಿನ ಮಾತು.

ಮಳೆಗಾಲದ ಕಪ್ಪೆ, ಹುಳು, ಹೂವು?

ಮ್ಯಾನುವಲ್ಲೇ ಸಾಕು. ವಸ್ತುವಿನ ನಿಜಗಾತ್ರದಲ್ಲಿ ತೆಗೆಯುವಾಗ ಎಫ್/8ರಲ್ಲೂ ಆಳ ಒಂದು ಮಿಲಿಮೀಟರ್ ಆಸುಪಾಸು. ಅಷ್ಟು ತೆಳುವಾದ ಆಳದಲ್ಲಿ ರಿಂಗನ್ನು ಬೇಕಾದ ಗಾತ್ರಕ್ಕೆ ನಿಲ್ಲಿಸಿ ಕ್ಯಾಮೆರಾವನ್ನೇ ಮೈಯೊಂದಿಗೆ ಮುಂದೆ ಹಿಂದೆ ಓಲಾಡಿಸುವುದು ವಾಡಿಕೆ. ವೊಯ್ಟ್‌ಲ್ಯಾಂಡರ್‌ನ 110 ಮಿ.ಮೀ. ಎಫ್/2.5 ಎಪೋ-ಲಾಂಥರ್ ನಿಜಗಾತ್ರದವರೆಗೆ ಹೋಗುತ್ತದೆ, 65 ಮಿ.ಮೀ. ಎಫ್/2 ಅರ್ಧಗಾತ್ರದವರೆಗೆ. ಹಾರುವ ಚಿಟ್ಟೆ, ಮಿಂಚುಳ್ಳಿ ನಿಮ್ಮ ಗುರಿಯಾದರೆ ಮಾತ್ರ ಆಟೋಫೋಕಸ್.

ನಮ್ಮ ತೇವದ ಹವೆಯಲ್ಲಿ ಯಾವುದು ಹೆಚ್ಚು ಬಾಳುತ್ತದೆ?

ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕೆಂದು ನನ್ನ ಆಸೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಲೆನ್ಸು ಬಿಡುತ್ತದೆಯೇ? ಗಾಜಿನ ಮೇಲೆ ಜೇಡನ ಬಲೆಯಂತೆ ಹಬ್ಬುವ ಆ ಬೂಷ್ಟು ಮೇಲಿನ ಲೇಪನವನ್ನೇ ತಿನ್ನುತ್ತದೆ. ಒಮ್ಮೆ ತಿಂದರೆ ಸ್ವಚ್ಛ ಮಾಡಿದ ಮೇಲೂ ಗುರುತು ಉಳಿಯುತ್ತದೆ. ಇದಕ್ಕೆ ಮ್ಯಾನುವಲ್, ಆಟೋ ಎಂಬ ಭೇದವಿಲ್ಲ.

ವ್ಯತ್ಯಾಸ ಬರುವುದು ರಿಪೇರಿಯಲ್ಲಿ. ಮ್ಯಾನುವಲ್ ಲೆನ್ಸಿನಲ್ಲಿ ಮೋಟರಿಲ್ಲ, ಹಲವು ಮಾದರಿಗಳಲ್ಲಿ ಸರ್ಕ್ಯೂಟೂ ಇಲ್ಲ. ಬಿಚ್ಚಿ, ಒರೆಸಿ, ಹೊಸ ಗ್ರೀಸು ಹಚ್ಚಿ ಮತ್ತೆ ಜೋಡಿಸಬಹುದು. ಆಟೋಫೋಕಸ್ ಲೆನ್ಸಿನ ಮೋಟರೋ ಸರ್ಕ್ಯೂಟೋ ಕೆಟ್ಟರೆ ಬಿಡಿಭಾಗ ಸಿಗುವವರೆಗಷ್ಟೇ ಅದರ ಆಯುಸ್ಸು, ಇಂದಿನ ಹೆಚ್ಚಿನವುಗಳಲ್ಲಿ ರಿಂಗು ತಿರುಗಿಸಿಯೂ ಪ್ರಯೋಜನವಿಲ್ಲ. ಆದರೆ ಮಲ್ಪೆಯ ಉಪ್ಪುಗಾಳಿಯಲ್ಲಿ, ಜಿಟಿಜಿಟಿ ಮಳೆಯಲ್ಲಿ ನಿಂತು ತೆಗೆಯುವಾಗ ಲೆಕ್ಕ ತಿರುಗುತ್ತದೆ. ದುಬಾರಿ ಆಟೋಫೋಕಸ್ ಲೆನ್ಸುಗಳ ಸಂದುಗಳಿಗೆ ರಬ್ಬರ್ ಪಟ್ಟಿ ಇರುತ್ತದೆ. ಮಿಲ್ವಸ್‌ನಲ್ಲೂ ಇದೆ. ಲೈಕಾ ಎಂ, ವೊಯ್ಟ್‌ಲ್ಯಾಂಡರ್‌ನಂಥ ಲೆನ್ಸುಗಳಲ್ಲಿ ಸಾಮಾನ್ಯವಾಗಿ ಇಲ್ಲ.

ಯಾವುದನ್ನೇ ಕೊಂಡರೂ ಜೊತೆಗೆ ಡ್ರೈ ಕ್ಯಾಬಿನೆಟ್‌ಗೆ ಹಣ ಎತ್ತಿಡಿ. ಒಳಗಿನ ತೇವಾಂಶ ಶೇ. 40ರಿಂದ 50ರ ನಡುವೆ ಇದ್ದರೆ ಸಾಕು. ಅದು ಆಗದಿದ್ದರೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ. ಬಣ್ಣ ಬದಲಾದ ಜೆಲ್ಲನ್ನು ಬಿಸಿ ಮಾಡಿ ಮತ್ತೆ ಬಳಸಬಹುದು. ಲೆನ್ಸಿನ ಜೊತೆ ಬರುವ ಚರ್ಮದ ಚೀಲದಲ್ಲಿ ಮಳೆಗಾಲದಲ್ಲಿ ಖಂಡಿತ ಇಡಬೇಡಿ. ತೇವ ಮೊದಲು ಕೂರುವುದೇ ಅಲ್ಲಿ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ?

ಮ್ಯಾನುವಲ್ ಲೆನ್ಸನ್ನು ಧಾರಾಳವಾಗಿ. ಕೆಡುವ ಭಾಗ ಕಡಿಮೆ, ಮರುಮಾರಾಟದಲ್ಲಿ ಬೆಲೆಯೂ ಅಷ್ಟಾಗಿ ಕುಸಿಯುವುದಿಲ್ಲ. ಕೊಳ್ಳುವಾಗ ಅಪರ್ಚರ್ (ಬೆಳಕಿನ ಕಿಂಡಿ) ಪೂರ್ತಿ ತೆರೆದು, ಒಂದು ಕಡೆಯಿಂದ ಮೊಬೈಲಿನ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಸಣ್ಣ ಧೂಳಿನ ಕಣಗಳಿಗೆ ಹೆದರಬೇಡಿ. ನೂಲಿನಂಥ ಎಳೆಗಳು, ಮಂಜಿನಂಥ ಮಸುಕು ಕಂಡರೆ ಬಿಟ್ಟುಬಿಡಿ, ಎಷ್ಟೇ ಅಗ್ಗವಾದರೂ. ರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನ ತಿರುಗಿಸಿದಾಗ ಎಲ್ಲಿಯೂ ಸಡಿಲ, ಬಿಗಿ ಎನ್ನುವ ವ್ಯತ್ಯಾಸ ಇರಬಾರದು.

ಕೈಯಲ್ಲಿ ಒಂದೇ ಲೆನ್ಸಿಗೆ ಹಣವಿದೆ. ಯಾವುದು?

ಆಟೋಫೋಕಸ್ಸಿನ 50 ಅಥವಾ 85 ಮಿ.ಮೀ. ಎಫ್/1.8. ಉಳಿದ ಹಣದಲ್ಲಿ ಡ್ರೈ ಕ್ಯಾಬಿನೆಟ್. ಮ್ಯಾನುವಲ್ ರುಚಿ ನೋಡಬೇಕೆನಿಸಿದರೆ ನಿಕಾನಿನ ಹಳೆಯ 50 ಮಿ.ಮೀ. ಲೆನ್ಸನ್ನು ಅಡಾಪ್ಟರಿನೊಂದಿಗೆ ತೆಗೆದುಕೊಳ್ಳಿ. ರಿಂಗು ತಿರುಗಿಸುವ ಸುಖ ಅದರಲ್ಲೂ ಪೂರ್ತಿ ಇದೆ.

ನನಗೆ ಚಾಳೀಸು ಬಂದಿದೆ. ಇನ್ನು ಮ್ಯಾನುವಲ್ ಫೋಕಸ್ ಆಗುತ್ತದೆಯೇ?

ಆಗುತ್ತದೆ. ವ್ಯೂಫೈಂಡರಿನ ಪಕ್ಕದಲ್ಲಿ ನಿಮ್ಮ ದೃಷ್ಟಿಗೆ ತಕ್ಕಂತೆ ಡಯಾಪ್ಟರ್ ಹೊಂದಿಸುವ ಪುಟ್ಟ ತಿರುಗಣಿ ಇರುತ್ತದೆ. ಅನೇಕರು ಅದನ್ನು ಮುಟ್ಟಿಯೇ ಇರುವುದಿಲ್ಲ. ಚಿತ್ರದ ಕಡೆ ನೋಡದೆ, ಒಳಗೆ ಕಾಣುವ ಅಕ್ಷರ ಅಂಕೆಗಳು ಚೂಪಾಗುವವರೆಗೆ ಅದನ್ನು ತಿರುಗಿಸಿ. ಕನ್ನಡಕ ಹಾಕಿಯೇ ತೆಗೆಯುವ ರೂಢಿಯಾದರೆ ಹಾಕಿಕೊಂಡೇ ಹೊಂದಿಸಿ, ತೆಗೆದಿಟ್ಟು ನೋಡುವವರಾದರೆ ತೆಗೆದಿಟ್ಟು. ಕ್ಯಾಮೆರಾವನ್ನು ಚೀಲಕ್ಕೆ ಹಾಕುವಾಗ, ತೆಗೆಯುವಾಗ ಆ ತಿರುಗಣಿ ಸರಿದುಬಿಡುವುದುಂಟು. ಕೆಲಸ ಶುರುಮಾಡುವ ಮೊದಲು ಪ್ರತಿ ಸಲ ಒಮ್ಮೆ ನೋಡಿಕೊಳ್ಳಿ.